ಹಬ್ಬ ಮುಗಿದ ಮೇಲೆ ಒಂದು ಕ್ರಿಸ್‌ಮಸ್ ಮರ ನನ್ನ ಕೈಲಿ ಮಾಡಿಸಿದ ಕೆಲಸ

ನಿನ್ನೆ ಸಂಜೆ ಗೋಣಿಚೀಲದಲ್ಲಿ ಉಳಿದಿದ್ದ ಮರದ ಚೂರನ್ನ ಗಿಡಗಳ ಬುಡಕ್ಕೆ ಸುರಿದು ಕೈ ತೊಳ್ಕೊಂಡೆ. ಜನವರಿ ಮೊದಲ ವಾರದಲ್ಲಿ ಶುರುವಾದ ಕೆಲಸ ಫೆಬ್ರವರಿ ಕೊನೇಲಿ ಮುಗೀತು. ಏನು ದೊಡ್ಡ ಕಾಡು ಕಡಿದ್ಯಾ ಅಂತ ಕೇಳಬೇಡಿ, ಆರೂವರೆ ಅಡಿಯ ಒಂದೇ ಒಂದು ಮರ, ಅದೂ ಬೇರೆಯವರು ಕಡಿದು ಕೊಟ್ಟಿದ್ದು. ಮರ ತರೋವಾಗ ಎಲ್ರೂ ಸಲಹೆ ಕೊಡ್ತಾರೆ, ಯಾವ ಜಾತಿ ತಗೋ, ಎಷ್ಟು ನೀರು ಹಾಕು ಅಂತ. ಹಬ್ಬ ಮುಗಿದ ಮೇಲೆ ಅದನ್ನ ಏನು ಮಾಡಬೇಕು ಅಂತ ಯಾರೂ ಹೇಳಲ್ಲ. ಅದಕ್ಕೆ ನೆನಪು ಮಾಸೋ ಮುಂಚೆ ಬರೆದಿಡ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಇಷ್ಟು ವರ್ಷ ನಮ್ಮನೇಲಿ ಪ್ಲಾಸ್ಟಿಕ್ ಮರನೇ ಇತ್ತು, ಡಬ್ಬದಿಂದ ತೆಗಿ, ಡಬ್ಬಕ್ಕೆ ಹಾಕು, ಮುಗೀತು. ಈ ಸಲ ಮಗಳು ಹಠ ಹಿಡಿದು ನಿಜವಾದ ಮರ ತರಿಸಿದ್ಲು. ವಾಸನೆ ಅದ್ಭುತ, ಮನೆ ತುಂಬ ಕಾಡಿನ ಗಾಳಿ ಬಂದ ಹಾಗಿತ್ತು, ಅದಕ್ಕೇನೂ ಎರಡು ಮಾತಿಲ್ಲ. ಜನವರಿ 6ಕ್ಕೆ ಇಳಿಸಬೇಕು ಅಂತ ಹೇಳ್ತಾರಲ್ಲ, ಅವತ್ತೇ ಸಂಜೆ ಇಳಿಸಿದೆ. ಎರಡು ದಿನ ಬಿಟ್ಟು ಬೆಳಗ್ಗೆ ನಗರಪಾಲಿಕೆ ಗಾಡಿ ಮರಗಳನ್ನ ಒಯ್ಯೋಕೆ ಬರೋದಿತ್ತು. ರಾತ್ರಿನೇ ಮರನ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ಟ್ಯಾಂಡ್ ಬಿಚ್ಚೋಕೆ ಸ್ಕ್ರೂ ತುಕ್ಕು ಹಿಡಿದು ಬರಲಿಲ್ಲ ಅಂತ ಅದನ್ನೂ ಹಾಗೇ ಬಿಟ್ಟು, ಗೇಟ್ ಹತ್ರ ಇಟ್ಟು ನಿಶ್ಚಿಂತೆಯಿಂದ ಮಲಗಿದೆ.

ಬೆಳಗ್ಗೆ ಎದ್ದು ನೋಡಿದ್ರೆ ಬೀದಿಯ ಮರಗಳೆಲ್ಲ ಹೋಗಿವೆ, ನಮ್ಮದು ಮಾತ್ರ ಅಲ್ಲೇ ನಿಂತಿದೆ, ಮೈಮೇಲೆ ಒಂದು ಚೀಟಿ ಅಂಟಿಸಿದ್ದಾರೆ. ಪ್ಲಾಸ್ಟಿಕ್ ಚೀಲ ಇರಬಾರ್ದು, ಸ್ಟ್ಯಾಂಡ್ ಇರಬಾರ್ದು, ದೀಪದ ವೈರು, ಜರಿ, ಕೃತಕ ಹಿಮ ಯಾವುದೂ ಇರಬಾರ್ದು, ಉದ್ದ ಮರ ಆದ್ರೆ ಎರಡು ತುಂಡು ಮಾಡಿರಬೇಕು. ಅಂಥದ್ದೇ ಒಂದು ಚೀಟಿ ಡಿಸೆಂಬರಲ್ಲೇ ಮನೆಗೆ ಬಂದಿತ್ತಂತೆ, ಹೆಂಡ್ತಿ ಫ್ರಿಜ್ ಮೇಲೆ ಆಯಸ್ಕಾಂತ ಇಟ್ಟು ಸಿಕ್ಕಿಸಿದ್ಲು. ನಾನು ಒಂದು ತಿಂಗಳು ದಿನಕ್ಕೆ ಹತ್ತು ಸಲ ಆ ಫ್ರಿಜ್ ತೆಗೆದಿದೀನಿ. "ರೀ, ಓದಿಲ್ವಾ?" ಅಂದ್ಲು. ಓದಿರ್ಲಿಲ್ಲ.

ಮೊದಲು ಸಿಟ್ಟು ಬಂತು, ಆಮೇಲೆ ಯೋಚನೆ ಮಾಡಿದ್ರೆ ಅವರ ಕಡೇನೇ ನ್ಯಾಯ ಇದೆ. ಈ ಮರಗಳನ್ನೆಲ್ಲ ಒಂದು ದೊಡ್ಡ ಮಷೀನಿಗೆ ಹಾಕಿ ಚೂರು ಮಾಡ್ತಾರೆ, ಆ ಚೂರು ಪಾರ್ಕಿನ ಗಿಡಗಳಿಗೆ ಹೋಗುತ್ತೆ. ಒಂದು ಕಬ್ಬಿಣದ ಸ್ಟ್ಯಾಂಡ್ ಒಳಗೆ ಹೋದ್ರೆ ಬ್ಲೇಡ್ ಮುಗೀತು. ಜರಿ ಹೋದ್ರೆ ಸಾವಿರ ಚೂರಾಗಿ ಮಣ್ಣಿಗೆ ಸೇರುತ್ತೆ, ಅದನ್ನ ಯಾರೂ ಆರಿಸೋಕಾಗಲ್ಲ. ಫೋನ್ ಮಾಡಿದೆ, ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ರು ಎತ್ತಿ, ಈ ವರ್ಷ ಇನ್ನೊಂದು ಸುತ್ತು ಇಲ್ಲ, ನೀವೇ ಕಸದ ಕೇಂದ್ರಕ್ಕೆ ತಂದು ಹಾಕಿ ಅಂದ್ರು. ಕಾರಿನ ಮೇಲೆ ಕಟ್ಟಿ ಒಯ್ಯೋ ವ್ಯವಸ್ಥೆ ನಮ್ಮ ಹತ್ರ ಇಲ್ಲ. ಬರೀ ಕಸದ ಡಬ್ಬಿಗೆ ತುಂಡು ಮಾಡಿ ಹಾಕಿಬಿಡೋಣ ಅಂತ ಒಂದು ಕ್ಷಣ ಅನ್ನಿಸ್ತು, ಸುಳ್ಳು ಹೇಳಲ್ಲ. ಆಮೇಲೆ ಸ್ವಲ್ಪ ಓದಿದೆ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಅನ್ನೋ ಸಂಸ್ಥೆ ಕೊಟ್ಟ ಲೆಕ್ಕ ಇದು: ಎರಡು ಮೀಟರ್ ಮರ ಕಸದ ಗುಡ್ಡಕ್ಕೆ ಹೋದ್ರೆ ಸುಮಾರು 16 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ, ಅದೇ ಚೂರು ಮಾಡಿ ಬಳಸಿದ್ರೆ ಸುಮಾರು 3.5 ಕೆಜಿ. ಕಸದ ರಾಶಿಯ ತಳದಲ್ಲಿ ಗಾಳಿ ಇರಲ್ಲ, ಗಾಳಿ ಇಲ್ಲದೆ ಕೊಳೆತ್ರೆ ಮೀಥೇನ್ ಹುಟ್ಟುತ್ತೆ, ಅದಕ್ಕೇ ಇಷ್ಟು ವ್ಯತ್ಯಾಸ. ಅಲ್ಲಿಗೆ ಕಸದ ಡಬ್ಬಿ ಯೋಚನೆ ಬಿಟ್ಟೆ, ಮರನ ಮತ್ತೆ ಹಿತ್ತಲಿಗೆ ಎಳ್ಕೊಂಡು ಬಂದೆ.

ಎಳೆಯೋದು ಅಂದ್ರೆ ನೆನಪಾಯ್ತು. ಮೊದಲ ದಿನ ಹಾಲಿಂದ ಹೊರಗೆ ಒಯ್ಯೋವಾಗ ನಾನು ತುದಿ ಹಿಡಿದು ಎಳೆದೆ, ಕೊಂಬೆಗಳೆಲ್ಲ ಬಾಗಿಲಿಗೆ ಕೊಡೆ ಬಿಚ್ಚಿದ ಹಾಗೆ ಸಿಕ್ಕಿಹಾಕ್ಕೊಂಡು, ಎಳೆದಷ್ಟೂ ಸೂಜಿ ಎಲೆ ಉದುರಿ ಕಾರಿಡಾರ್ ಪೂರ್ತಿ ಹಸಿರು ಚಾಪೆ. ಯಾವತ್ತೂ ಬುಡ ಮುಂದೆ ಮಾಡಿ ಎಳೀರಿ. ಕೊಂಬೆಗಳು ತುದಿ ಕಡೆಗೆ ಬಾಗಿರ್ತವಲ್ಲ, ಬುಡ ಮುಂದೆ ಹೋದ್ರೆ ತಾವಾಗೇ ಮಡಚಿಕೊಳ್ತವೆ. ಹಳೇ ಬೆಡ್‌ಶೀಟ್ ಮೇಲೆ ಮರ ಮಲಗಿಸಿ ಗಂಟು ಕಟ್ಟಿ ಎಳೆದ್ರೆ ಇನ್ನೂ ವಾಸಿ. ಸ್ಟ್ಯಾಂಡಲ್ಲಿ ಉಳಿದ ನೀರು ಮೊದಲೇ ಒಂದು ಮಗ್ಗಲ್ಲಿ ತೋಡಿ ತೆಗೀರಿ, ನಾನು ತೆಗೀಲಿಲ್ಲ, ಮೂರು ವಾರ ನಿಂತ ನೀರು ಕಾರ್ಪೆಟ್ ಮೇಲೆ ಹೋಯ್ತು, ಆ ವಾಸನೆ ಬಗ್ಗೆ ಮಾತು ಬೇಡ. ವ್ಯಾಕ್ಯೂಮ್ ಕ್ಲೀನರ್ ಹಚ್ಚಲೇಬೇಡಿ. ಪೈಪಲ್ಲಿ ಸೂಜಿಗಳು ಅಡ್ಡಡ್ಡ ಕೂತು ಕಟ್ಟಿಕೊಳ್ತವೆ, ನಮ್ಮದನ್ನ ಬಿಚ್ಚಿ ಕಡ್ಡಿ ಹಾಕಿ ತೆಗೆಯೋಕೆ ಒಂದು ಭಾನುವಾರ ಹೋಯ್ತು. ಕಡ್ಡಿಪೊರಕೆನೇ ಸರಿ.

ಅಮ್ಮನಿಗೆ ಫೋನಲ್ಲಿ ಈ ಕಥೆ ಹೇಳಿದೆ. "ಅಷ್ಟು ಚೆನ್ನಾಗಿದೆ ಅಂತೀಯ, ನೆಲಕ್ಕೆ ನೆಟ್ಟುಬಿಡೋ" ಅಂದ್ರು. ಬೇರಿಲ್ಲಮ್ಮ ಅಂದೆ. "ದಾಸವಾಳ ಕಡ್ಡಿ ಚುಚ್ಚಿದ್ರೆ ಬರಲ್ವಾ?" ಬರುತ್ತೆ, ಆದ್ರೆ ಇದು ದಾಸವಾಳ ಅಲ್ಲ. ಕ್ರಿಸ್‌ಮಸ್‌ಗೆ ತರೋ ಸ್ಪ್ರೂಸ್, ಫರ್ ಥರದ ಸೂಜಿ ಎಲೆ ಮರ ಕಡಿದ ಮೇಲೆ ಅದರ ದಪ್ಪ ಕಾಂಡಕ್ಕೆ ಹೊಸ ಬೇರು ಬರಲ್ಲ, ಎಷ್ಟು ದಿನ ನೀರು ಕುಡಿದು ಹಸಿರಾಗಿ ಕಂಡ್ರೂ ಅದು ಹೂದಾನಿಯಲ್ಲಿಟ್ಟ ಹೂವಿನ ಹಾಗೆ. ಕುಂಡದಲ್ಲಿ ಬೇರು ಸಮೇತ ಬರೋ ಮರಗಳ ವಿಷಯ ಬೇರೆ. ಅವನ್ನ ಮನೆಯೊಳಗೆ ಹತ್ತು ದಿನಕ್ಕಿಂತ ಜಾಸ್ತಿ ಇಡದೆ, ಬೆಚ್ಚಗಿನ ಹಾಲಿಂದ ನೇರ ಚಳಿಗೆ ಒಗೆಯದೆ, ಮಧ್ಯೆ ಒಂದಷ್ಟು ದಿನ ವರಾಂಡದಲ್ಲೋ ಗ್ಯಾರೇಜಲ್ಲೋ ಇಟ್ಟು ಆಮೇಲೆ ನೆಡಬೇಕು. ನೆಡೋ ಆಸೆ ಇದ್ರೆ ತರೋವಾಗಲೇ ಅಂಥದ್ದು ತನ್ನಿ, ಜನವರಿಯಲ್ಲಿ ಆಸೆ ಪಟ್ರೆ ಪ್ರಯೋಜನ ಇಲ್ಲ.

ಒಬ್ಬ ಗೆಳೆಯ ತನ್ನ ಮನೆ ಬೆಂಕಿಗೂಡಿಗೆ ಕೊಡು, ಚಳಿಗಾಯ್ತು ಅಂದ. ಕೊಡೋದ್ರಲ್ಲಿದ್ದೆ. ಪಕ್ಕದ್ಮನೆ ಹಿರಿಯರು ತಡೆದ್ರು, ಅವರು ಜೀವಮಾನವಿಡೀ ತೋಟ ಮಾಡಿದವರು, ಇನ್ನು ಮುಂದೆ ಈ ಕಥೇಲಿ ಅವರೇ ಹೀರೋ. ಇದ್ರಲ್ಲಿ ರಾಳ ತುಂಬಿರುತ್ತೆ, ಒಣಗಿದ ಸೂಜಿ ಎಲೆ ಪಟಾಕಿ ಥರ ಸಿಡಿಯುತ್ತೆ, ಹೊಗೆ ಕೊಳವೆ ಒಳಗೆ ಕರಿ ಅಂಟು ಕೂತು ಮುಂದೊಂದಿನ ಆ ಕೊಳವೆಗೇ ಬೆಂಕಿ ಹತ್ತುತ್ತೆ ಅಂದ್ರು. ಅಮೆರಿಕದಲ್ಲಿ ಅಳತೆ, ಗುಣಮಟ್ಟ ನೋಡೋ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯವರು ಒಣಗಿದ ಮರಕ್ಕೂ ನೀರು ಕುಡಿದ ಮರಕ್ಕೂ ಬೆಂಕಿ ತಾಗಿಸಿ ಹೋಲಿಸಿದ ವಿಡಿಯೋ ಇದೆ, ಹುಡುಕಿ ನೋಡಿ. ಒಣಗಿದ್ದು ಒಂದು ನಿಮಿಷದೊಳಗೆ ಪೂರ್ತಿ ಜ್ವಾಲೆ. ಅಂಥದ್ದು ಮೂರು ವಾರ ನಮ್ಮ ಸೋಫಾ ಪಕ್ಕ ನಿಂತಿತ್ತಲ್ಲ ಅಂತ ಅವತ್ತು ರಾತ್ರಿ ಸರಿಯಾಗಿ ನಿದ್ದೆನೇ ಬರಲಿಲ್ಲ.

ಇನ್ನು ನನ್ನ ತಲೆಗೆ ಹೊಕ್ಕಿದ್ದು ಕೆರೆ. ಹಳೇ ಕ್ರಿಸ್‌ಮಸ್ ಮರಗಳಿಗೆ ಭಾರ ಕಟ್ಟಿ ಕೆರೆ ತಳಕ್ಕೆ ಇಳಿಸ್ತಾರೆ ಅಂತ ಎಲ್ಲೋ ಓದಿದ್ದೆ. ಕೊಂಬೆಗಳ ಮೇಲೆ ಪಾಚಿ ಹಿಡಿಯುತ್ತೆ, ಪಾಚಿಗೆ ಹುಳ ಬರುತ್ತೆ, ಹುಳಕ್ಕೆ ಮರಿಮೀನು ಬರುತ್ತೆ, ದೊಡ್ಡ ಮೀನು ಬಂದ್ರೆ ಮರಿಗಳು ಕೊಂಬೆ ಸಂದಿಯಲ್ಲಿ ಬಚ್ಚಿಟ್ಕೊಳ್ತವೆ. ಎಷ್ಟು ಚೆಂದ ಅಲ್ವಾ. ಮಗಳಿಗೆ ಹೇಳಿದ್ದೇ ತಪ್ಪಾಯ್ತು, ಮೀನಿನ ಮನೆ ಅಂತ ಚಿತ್ರ ಬರೆದು ಗೋಡೆಗೆ ಅಂಟಿಸಿಬಿಟ್ಲು. ಹತ್ತಿರದ ಕೆರೆ ನೋಡ್ಕೊಳ್ಳೋ ಕಚೇರಿಗೆ ಹೋದ್ರೆ ಒಂದು ಅರ್ಜಿ, ಗುರುತಿನ ಚೀಟಿಯ ಪ್ರತಿ, ಮರದ ಫೋಟೋ, ಎಲ್ಲಿ ಕೊಂಡಿದ್ದು ಅನ್ನೋ ರಸೀದಿ. ರಸೀದಿ ಯಾರಿಟ್ಟಿರ್ತಾರೆ ಹೇಳಿ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿ ಕೊಟ್ಟೆ. ಒಂದು ವಾರದಲ್ಲಿ ಹೇಳ್ತೀವಿ ಅಂದವರು ಎರಡೂವರೆ ವಾರ ತಗೊಂಡು ಒಂದು ಸಾಲಿನ ಉತ್ತರ ಕಳಿಸಿದ್ರು, ಖಾಸಗಿಯವರಿಂದ ಮರ ತಗೊಳ್ಳೋದಿಲ್ಲ ಅಂತ. ಇದನ್ನ ಮೊದಲನೇ ದಿನವೇ ಹೇಳಬಹುದಿತ್ತು. ಆದ್ರೆ ಅನುಮತಿ ಇಲ್ಲದೆ ರಾತ್ರಿ ಹೋಗಿ ನೀರಿಗೆ ಹಾಕೋ ಕೆಲಸ ಮಾತ್ರ ಮಾಡಬೇಡಿ. ಭಾರ ಸರಿಯಾಗಿ ಕಟ್ಟದಿದ್ರೆ ತೇಲಿ ಬಂದು ದೋಣಿಗೋ ಈಜೋರಿಗೋ ಸಿಕ್ಕಿಹಾಕ್ಕೊಳ್ಳುತ್ತೆ, ಮರಕ್ಕೆ ಏನಾದ್ರೂ ಔಷಧಿ ಹೊಡೆದಿದ್ರೆ ಅದೂ ನೀರಿಗೇ.

ದೊಡ್ಡ ಮಟ್ಟದಲ್ಲಿ ಇದನ್ನ ವ್ಯವಸ್ಥಿತವಾಗಿ ಮಾಡೋ ಕಡೆ ಇದ್ದೀರಾದ್ರೆ ಅದೃಷ್ಟವಂತರು. ಇಂಗ್ಲೆಂಡಿನ ಲ್ಯಾಂಕಶೈರ್ ಕರಾವಳೀಲಿ ಲಿಥಮ್ ಸೇಂಟ್ ಆನ್ಸ್ ಹತ್ರ ಜನರಿಂದ ಮರ ತಗೊಂಡು ಸಮುದ್ರದಂಡೆ ಮರಳಲ್ಲಿ ಸಾಲಾಗಿ ಅರ್ಧ ಹೂಳ್ತಾರೆ, ಗಾಳಿಗೆ ಹಾರೋ ಮರಳು ಕೊಂಬೆಗೆ ತಡೆದು ಅಲ್ಲೇ ದಿಬ್ಬ ಆಗುತ್ತೆ. ಅಮೆರಿಕದ ಲೂಸಿಯಾನಾದಲ್ಲಿ ಜೌಗು ನೆಲ ಕೊಚ್ಚಿ ಹೋಗದ ಹಾಗೆ ಮರದ ಬೇಲಿಯೊಳಗೆ ಇವನ್ನ ತುಂಬಿಸ್ತಾರೆ. ಮೃಗಾಲಯಕ್ಕೆ ಕೊಡು, ಆನೆ ತಿನ್ನುತ್ತೆ ಅಂತ ಒಬ್ರು ಹೇಳಿದ್ರು. ಅದು ನಿಜ, ಬರ್ಲಿನ್ನಲ್ಲಿ ಆನೆಗಳು ಚಪ್ಪರಿಸಿ ತಿಂತವೆ, ಆದ್ರೆ ಅವರು ತಗೊಳ್ಳೋದು ಅಂಗಡೀಲಿ ಮಾರಾಟವಾಗದೆ ಉಳಿದ ಮರ ಮಾತ್ರ. ಮನೆಯಿಂದ ಬಂದ ಮರದಲ್ಲಿ ಒಂದು ಕೊಕ್ಕೆ, ಒಂದು ಎಳೆ ಜರಿ ಉಳಿದಿದ್ರೂ ಪ್ರಾಣಿ ಹೊಟ್ಟೆಗೆ ಹೋಗುತ್ತಲ್ಲ. ಆಡು ಸಾಕಿರೋ ಪರಿಚಯದವರಿಗೆ ಕೊಡೋದಾದ್ರೂ ಇದೇ ಯೋಚನೆ ಮಾಡಿ. ಹಸುಗಳಿಗಂತೂ ಬೇಡ. ಪಾಂಡೆರೋಸಾ ಪೈನ್ ಅನ್ನೋ ಜಾತಿಯ ಎಲೆ ತಿಂದ್ರೆ ಗಬ್ಬದ ಹಸುವಿಗೆ ದಿನ ತುಂಬೋ ಮುಂಚೆನೇ ಗರ್ಭ ಬಿದ್ದುಹೋಗಬಹುದು, ನಮ್ಮ ಮರ ಯಾವ ಜಾತಿ ಅಂತ ನಮಗೇ ಎಷ್ಟೋ ಸಲ ಗೊತ್ತಿರಲ್ಲ.

ಜಾತಿ ಕಂಡುಹಿಡಿಯೋಕೆ ಹಿರಿಯರು ಒಂದು ಉಪಾಯ ಹೇಳಿಕೊಟ್ರು. ಒಂದು ಸೂಜಿ ಕಿತ್ತು ಬೆರಳ ಮಧ್ಯೆ ಹೊರಳಿಸಿ. ಸಲೀಸಾಗಿ ಉರುಳಿದ್ರೆ ಸ್ಪ್ರೂಸ್, ಅದರ ಸೂಜಿ ಚೌಕಾಕಾರ. ಉರುಳದೆ ಜಾರಿದ್ರೆ ಫರ್, ಅದು ಚಪ್ಪಟೆ. ಎರಡೋ ಮೂರೋ ಐದೋ ಸೂಜಿ ಒಂದೇ ಕಡೆಯಿಂದ ಗೊಂಚಲಾಗಿ ಹೊರಟಿದ್ರೆ ಪೈನ್. ನಮ್ಮದು ಉರುಳ್ತು. ಸ್ಪ್ರೂಸ್, ಅಂದ್ರೆ ಬೇಗ ಉದುರೋ ಜಾತಿ. ಅದಕ್ಕೇ ಕಾರಿಡಾರ್ ಹಾಗಾಗಿದ್ದು.

ಕೆರೆಯವರ ಉತ್ತರಕ್ಕೆ ಕಾದ ಆ ಎರಡೂವರೆ ವಾರ ದಂಡ ಆಗಲಿಲ್ಲ ಅನ್ನೋದೇ ಈ ಕಥೆಯ ದೊಡ್ಡ ಖುಷಿ. ಬೇರೆ ದಾರಿ ಇಲ್ಲದೆ ಮರನ ಹಿತ್ತಲಲ್ಲಿ ಒಂದು ಬಕೆಟ್ ಮರಳಿಗೆ ಸಿಕ್ಕಿಸಿ ನಿಲ್ಲಿಸಿದ್ದೆ. ಮೊದಲ ರಾತ್ರಿನೇ ಗಾಳಿಗೆ ಬಿತ್ತು, ಮತ್ತೆ ಎತ್ತಿ ಬೇಲಿಗೆ ಹುರಿಯಿಂದ ಎರಡು ಕಡೆ ಕಟ್ಟಿದೆ. ಮಗಳು ಸುಮ್ನೆ ಒಂದಷ್ಟು ಕಾಳು ಒಂದು ಚಿಪ್ಪಲ್ಲಿ ಹಾಕಿ ಕೊಂಬೆಗೆ ತೂಗುಹಾಕಿದ್ಲು. ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಗ್ಗೆ ಮರದೊಳಗಿಂದ ಚಿಲಿಪಿಲಿ, ಹೋಗಿ ನೋಡಿದ್ರೆ ಆರೇಳು ಪುಟಾಣಿ ಹಕ್ಕಿಗಳು ಒಳಗಿನ ಕೊಂಬೆಗಳಲ್ಲಿ ಮೈ ಉಬ್ಬಿಸಿಕೊಂಡು ಕೂತಿವೆ. ಚಳಿಗಾಲದಲ್ಲಿ ಎಲೆ ಉದುರಿದ ಹಿತ್ತಲಲ್ಲಿ ಗಾಳಿಗೂ ಬೆಕ್ಕಿಗೂ ಮರೆ ಅಂತ ಇದ್ದಿದ್ದು ಅದೊಂದೇ. ನೀವು ಮಾಡೋದಾದ್ರೆ ಬೆಕ್ಕು ಅವಿತು ಕೂರೋ ಪೊದೆಯಿಂದ ದೂರ ಇಡಿ, ಹಕ್ಕಿಗೆ ಉಪ್ಪು ಸೇರಿಸಿದ ಯಾವುದನ್ನೂ ಹಾಕಬೇಡಿ. ಮನೆಯೊಳಗೆ ಡಿಸೆಂಬರಲ್ಲಿ ದೀಪ ಹಾಕಿದಾಗಿಗಿಂತ ಈ ಎರಡೂವರೆ ವಾರ ನಾವು ಆ ಮರನ ಜಾಸ್ತಿ ನೋಡಿದೀವಿ ಅನ್ಸುತ್ತೆ.

ಅಂದ ಹಾಗೆ ಹಕ್ಕಿ ಬರೋ ಮುಂಚೆ ಅಲಂಕಾರ ಪೂರ್ತಿ ತೆಗೆದೆ, ಅದರ ಕಥೆ ಬಿಟ್ಟೇಹೋಯ್ತು. ಎಲ್ಲ ತೆಗೆದಿದೀನಿ ಅಂದ್ಕೊಂಡಿದ್ದೆ. ಹಗಲು ಬೆಳಕಲ್ಲಿ ನೋಡಿದ್ರೆ ಒಂದು ಇಡೀ ದೀಪದ ಸರ ಕಾಂಡಕ್ಕೆ ಸುತ್ತಿ ಒಳಗೇ ಇದೆ, ಹಸಿರು ವೈರ್ ಆದ್ದರಿಂದ ಕಂಡಿರ್ಲಿಲ್ಲ. ಸಣ್ಣ ತಂತಿ ಕೊಕ್ಕೆಗಳು ಕಣ್ಣಿಗೆ ಸಿಗಲ್ಲ, ಫ್ರಿಜ್ ಮೇಲಿದ್ದ ಆಯಸ್ಕಾಂತ ತಂದು ಕೊಂಬೆ ಕೊಂಬೆಗೆ ಸವರಿದೆ, ಹದಿನಾಲ್ಕು ಸಿಕ್ಕವು. ಕೈ ತುಂಬ ರಾಳ ಮೆತ್ತಿತ್ತು, ಸೋಪಿಗೆ ಹೋಗಲ್ಲ, ಉಜ್ಜಿದಷ್ಟೂ ಕಪ್ಪಾಗುತ್ತೆ. ಯಾವುದಾದ್ರೂ ಎಣ್ಣೆ ಹಚ್ಚಿ ತಿಕ್ಕಿ ಆಮೇಲೆ ಸೋಪು ಹಾಕಿ, ತಕ್ಷಣ ಹೋಗುತ್ತೆ. ಬಟ್ಟೆ ಮೇಲಾದ್ರೆ ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿ ನೋಡಿ.

ಫೆಬ್ರವರಿ ಮೊದಲ ವಾರಾಂತ್ಯ ಕಡಿಯೋಕೆ ಕೂತೆ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಇಡೀ ಮರನ ಏನು ಮಾಡೋದು ಅಂತ ಯೋಚಿಸ್ತಾ ಕೂತ್ರೆ ತಲೆ ಕೆಡುತ್ತೆ. ನಾನು ಒಂದು ತಿಂಗಳು ಹಾಗೇ ತಲೆ ಕೆಡಿಸ್ಕೊಂಡಿದ್ದೆ. ಹಿರಿಯರು ಬಂದು ನೋಡಿ, "ಇದು ಒಂದು ಸಾಮಾನಲ್ಲ, ನಾಲ್ಕು ಸಾಮಾನು" ಅಂದ್ರು. ಸೂಜಿ ಬೇರೆ, ಕೊಂಬೆ ಬೇರೆ, ಕಾಂಡ ಬೇರೆ, ತುದಿ ಬೇರೆ. ಆಗ ಕೆಲಸ ಹಗುರ ಅನ್ನಿಸ್ತು.

ಕೊಂಬೆ ಕತ್ತರಿಯಿಂದ ಕೆಳಗಿನಿಂದ ಮೇಲಕ್ಕೆ ಕೊಂಬೆ ಬಿಡಿಸ್ತಾ ಬಂದೆ. ದಟ್ಟವಾಗಿ ಹಸಿರಿದ್ದ ಕೊಂಬೆಗಳನ್ನ ಮಣ್ಣಲ್ಲಿ ಮಲಗಿರೋ ಗಿಡಗಳ ಮೇಲೆ ಹಾಸಿದೆ. ಇದು ಗಿಡನ ಬೆಚ್ಚಗಿಡೋಕೆ ಅಂದ್ಕೊಂಡಿದ್ದೆ, ತಪ್ಪು. ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಮತ್ತೆ ಹೆಪ್ಪುಗಟ್ಟಿದ್ರೆ ಮಣ್ಣು ಉಬ್ಬಿ ಗಿಡದ ಬೇರನ್ನ ಮೇಲಕ್ಕೆ ತಳ್ಳಿಬಿಡುತ್ತೆ, ಆ ಏರಿಳಿತ ತಪ್ಪಿಸೋಕೆ ಈ ಹೊದಿಕೆ. ಅದಕ್ಕೇ ನೆಲ ಒಂದು ಸಲ ಚೆನ್ನಾಗಿ ಗಟ್ಟಿಯಾದ ಮೇಲೆ ಹಾಸಬೇಕು, ಚಿಗುರು ಕಾಣ್ತಿದ್ದ ಹಾಗೆ ತೆಗೀಬೇಕು. ನೆಲ ಹೆಪ್ಪುಗಟ್ಟದ ಕಡೆ ಇರೋರಿಗೆ ಇದರ ಅಗತ್ಯ ಇಲ್ಲ. ಸೂಜಿ ಉದುರಿ ಬೋಳಾಗಿದ್ದ ಕೊಂಬೆಗಳನ್ನ ಕಟ್ಟು ಕಟ್ಟಿ ಇಟ್ಟಿದೀನಿ, ಬಟಾಣಿ ಬಳ್ಳಿಗೆ ಊರುಗೋಲು. ಕವಲು ಕವಲಾಗಿರೋದ್ರಿಂದ ಬಳ್ಳಿ ಹಿಡ್ಕೊಳ್ಳೋಕೆ ನೆಟ್ಟಗಿನ ಬಿದಿರುಕಡ್ಡಿಗಿಂತ ಸುಲಭ ಅಂತೆ.

ಉಳಿದಿದ್ದನ್ನ ಚೂರು ಮಾಡೋಕೆ ಚಿಪ್ಪರ್ ಮಷೀನ್ ಬಾಡಿಗೆಗೆ ತಂದೆ. ಖರ್ಚಿನ ವಿಷಯ ಕೇಳೋರಿಗೆ, ಇಡೀ ಕಥೇಲಿ ದುಡ್ಡು ಹೋಗಿದ್ದು ಇಲ್ಲೇ. ಬಾಡಿಗೆ ಅರ್ಧ ದಿನದ ಲೆಕ್ಕ, ಅದರ ಮೇಲೆ ಠೇವಣಿ, ಗುರುತಿನ ಚೀಟಿ, ಬ್ಲೇಡ್ ಕೆಟ್ರೆ ನಮ್ಮ ಜವಾಬ್ದಾರಿ ಅಂತ ಸಹಿ. ಒಂದೇ ಮರಕ್ಕೆ ಇಷ್ಟೆಲ್ಲ ಮಾಡಿದ್ರೆ ಮರ ಕೊಂಡಿದ್ದಕ್ಕಿಂತ ಜಾಸ್ತಿ ಆಗುತ್ತೆ. ಪುಣ್ಯಕ್ಕೆ ಬೀದಿಯಲ್ಲಿ ಇನ್ನೂ ಮೂರು ಮನೆಯವರ ಮರ ನನ್ನ ಥರನೇ ಚೀಟಿ ಅಂಟಿಸಿಕೊಂಡು ಹಿತ್ತಲು ಸೇರಿತ್ತು ಅಂತ ಗೊತ್ತಾಯ್ತು, ನಾಲ್ಕು ಜನ ಹಂಚಿಕೊಂಡ್ವಿ. ಕನ್ನಡಕ, ಕೈಗವಸು, ಕಿವಿಗೆ ಮುಚ್ಚಳ ಇಲ್ಲದೆ ಮುಟ್ಟಬೇಡಿ. ಸಡಿಲ ತೋಳಿನ ಅಂಗಿ ಬೇಡವೇ ಬೇಡ. ಸಿಕ್ಕಿಕೊಂಡ ಕೊಂಬೆನ ಕೈ ಹಾಕಿ ತೆಗೆಯೋಕೆ ಹೋಗಬೇಡಿ, ಮಷೀನ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆನೇ. ಹಸಿ ಸೂಜಿ ಎಲೆ ಒಂದೇ ಸಮ ಹಾಕಿದ್ರೆ ಹಿಟ್ಟಿನ ಥರ ಕಟ್ಟಿಕೊಳ್ಳುತ್ತೆ, ಮಧ್ಯೆ ಮಧ್ಯೆ ಒಣ ಕೊಂಬೆ ಹಾಕ್ತಿದ್ರೆ ಸರಾಗ. ಅಷ್ಟು ದೊಡ್ಡ ಮರದಿಂದ ಎಷ್ಟು ಚೂರು ಬರಬಹುದು ಅಂತ ಊಹಿಸಿ? ಕೊಂಬೆಗಳಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದು ಕಳೆದು ನಮ್ಮ ಪಾಲಿಗೆ ಒಂದೇ ಗೋಣಿಚೀಲ. ಮಗಳು ಚೀಲದೊಳಗೆ ಇಣುಕಿ ನೋಡಿ, ಅಷ್ಟೇನಾ ಅಪ್ಪ ಅಂದ್ಲು.

ಆ ಚೂರನ್ನ ಗಿಡಕ್ಕೆ ಹಾಕೋಕೂ ಹೆದರಿದ್ದೆ, ಸೂಜಿ ಎಲೆ ಹಾಕಿದ್ರೆ ಮಣ್ಣು ಹುಳಿಯಾಗುತ್ತೆ, ಗಿಡ ಸಾಯುತ್ತೆ ಅಂತ ಎಲ್ಲ ಕಡೆ ಹೇಳ್ತಾರೆ. ಹಸಿ ಸೂಜಿ ಸ್ವಲ್ಪ ಆಮ್ಲೀಯ ಹೌದು, ಆದ್ರೆ ಕೊಳೀತಾ ಕೊಳೀತಾ ಅದು ಕಡಿಮೆಯಾಗುತ್ತೆ, ಮೇಲೆ ಹರಡಿದ ಮಾತ್ರಕ್ಕೆ ಮಣ್ಣಿನ ಗುಣ ಬದಲಾಗೋದು ತೀರಾ ಕಮ್ಮಿ. ನಿಜವಾಗಿ ಎಚ್ಚರ ಇರಬೇಕಾದ್ದು ಬೇರೆ, ಹಸಿ ಚೂರನ್ನ ಅಗೆದು ಮಣ್ಣೊಳಗೆ ಬೆರೆಸಬೇಡಿ. ಮರ ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕನೆಲ್ಲ ತಾವೇ ಎಳ್ಕೊಂಡುಬಿಡ್ತವೆ, ಗಿಡ ಹಳದಿಯಾಗುತ್ತೆ. ಮೇಲೆ ಮಾತ್ರ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಗಿಡದ ಕಾಂಡಕ್ಕೆ ತಾಗದ ಹಾಗೆ ಸುತ್ತ ಗೇಣು ಜಾಗ ಬಿಡಿ.

ಕಾಂಡದ ಕಥೆ ಸ್ವಲ್ಪ ಬೇಜಾರಿಂದು. ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಲೋಟ ಇಡೋ ಕೋಸ್ಟರ್ ಮಾಡೋಣ ಅಂತ ಹೊರಟೆ. ಗರಗಸಕ್ಕೆ ರಾಳ ಮೆತ್ತಿ ನಾಲ್ಕನೇ ಬಿಲ್ಲೆಗೆ ನಿಂತೇಹೋಯ್ತು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಶುರು. ಎಂಟು ಬಿಲ್ಲೆ ಬಂತು, ನೋಡೋಕೆ ಬಹಳ ಚೆಂದ, ಬೇಗ ಒಣಗಲಿ ಅಂತ ಹೀಟರ್ ಪಕ್ಕ ಜೋಡಿಸಿದೆ. ಮಾರನೇ ದಿನ ಎಂಟಕ್ಕೆ ಎಂಟೂ ನಡುವಿಂದ ಅಂಚಿನವರೆಗೆ ಬಿರುಕು, ಹೋಳಿಗೆಯಿಂದ ಒಂದು ತುಂಡು ಕತ್ತರಿಸಿ ತೆಗೆದ ಹಾಗೆ. ಮರ ಒಣಗೋವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗಲ್ಲವಂತೆ, ಉಂಗುರದ ಸುತ್ತಳತೆಯ ದಿಕ್ಕಲ್ಲಿ ಕುಗ್ಗೋದು ನಡುವಿಂದ ಹೊರಕ್ಕೆ ಕುಗ್ಗೋದರ ಸುಮಾರು ಎರಡರಷ್ಟು. ಆ ಎಳೆತ ಎಲ್ಲೋ ಒಂದು ಕಡೆ ಹರಿಯಲೇಬೇಕು. ನಿಧಾನ ಒಣಗಿಸಿದ್ರೆ ಬಿರುಕು ಕಮ್ಮಿ. ಎರಡನೇ ಸಲ ಕೊಯ್ದ ಬಿಲ್ಲೆಗಳನ್ನ ಕಾಗದದ ಚೀಲದಲ್ಲಿ ಹಾಕಿ ತಣ್ಣಗಿನ ಕೋಣೇಲಿ ಇಟ್ಟಿದೀನಿ, ಮೂರು ವಾರ ಆಯ್ತು, ಆರರಲ್ಲಿ ಎರಡು ಬಿರುಕು ಬಿಟ್ಟಿವೆ. ಉಳಿದ ನಾಲ್ಕು ಇನ್ನೂ ಒಣಗ್ತಾ ಇವೆ, ಗ್ಯಾರಂಟಿ ಕೊಡಲ್ಲ.

ಬಿರುಕು ಬಿಟ್ಟ ಒಂದು ಬಿಲ್ಲೆಗೆ ಮಗಳು ಸ್ಯಾಂಡ್ ಪೇಪರ್ ಉಜ್ಜಿ ಉಂಗುರ ಎಣಿಸೋಕೆ ಕೂತ್ಲು. ಪೆನ್ಸಿಲ್ ತುದಿಯಿಂದ ಒಂದೊಂದೇ ಚುಕ್ಕೆ ಇಡ್ತಾ ಎಂಟಕ್ಕೆ ಬಂದು ನಿಂತ್ಲು. ಅವಳಿಗೆ ಏಳು ವರ್ಷ. "ಅಪ್ಪ, ಇದು ನನಗಿಂತ ದೊಡ್ದು" ಅಂದ್ಲು. ಅಲ್ಲಿಂದ ಮುಂದೆ ಆ ಬಿಲ್ಲೆನ ಯಾರೂ ಲೋಟದ ಕೆಳಗೆ ಇಡೋಕೆ ಬಿಡ್ತಿಲ್ಲ.

ಸೂಜಿ ಎಲೆಗಳ ವಿಷಯ ಬೇಗ ಹೇಳಿ ಮುಗಿಸ್ತೀನಿ. ಬಟ್ಟೆ ಚೀಲದಲ್ಲಿ ತುಂಬಿ ಬೀರುವಿನಲ್ಲಿಟ್ರೆ ಪರಿಮಳ ಚೆನ್ನಾಗಿರುತ್ತೆ. ಹೆಂಡ್ತಿ ಮೊದಲನೇ ಸಲ ಹಸಿಯಾಗೇ ತುಂಬಿಸಿ ಒಂದು ವಾರಕ್ಕೆ ಬೂಷ್ಟು ಬಂತು, ಕಾಗದದ ಮೇಲೆ ಹರಡಿ ನೆರಳಲ್ಲಿ ಪೂರ್ತಿ ಒಣಗಿಸಿ ತುಂಬಿದ ಮೇಲೆ ಸರಿಹೋಯ್ತು. ಇದರ ಕಷಾಯ ಮಾಡ್ಕೊಂಡು ಕುಡೀತಾರೆ ಅಂತ ಸಲಹೆ ಬರುತ್ತೆ. ಕೊಂಡ ಮರಕ್ಕೆ ತೋಟದಲ್ಲಿ ಏನೇನು ಸಿಂಪಡಿಸಿದ್ರೋ ಯಾರಿಗೆ ಗೊತ್ತು, ನಾವು ಆ ಸಾಹಸಕ್ಕೆ ಹೋಗಲಿಲ್ಲ.

ಇನ್ನು ತುದಿ. ಎಲ್ಲ ಕಡಿದ ಮೇಲೆ ಮೊಳಕೈ ಉದ್ದದ ತುದಿ ಉಳಿದಿತ್ತು, ನಕ್ಷತ್ರ ಸಿಕ್ಕಿಸ್ತೀವಲ್ಲ ಆ ಭಾಗ. ಅದನ್ನೂ ಚಿಪ್ಪರಿಗೆ ಹಾಕೋದ್ರಲ್ಲಿದ್ದೆ, ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ಹಿತ್ತಲು ತೋರಿಸ್ತಾ ಇದನ್ನೂ ತೋರಿಸಿದೆ. "ತಡಿ ತಡಿ, ತಲೆಕೆಳಗೆ ಹಿಡಿ ಅದನ್ನ" ಅಂದ್ರು. ಹಿಡಿದೆ. "ಅದು ಕಡಗೋಲು ಕಣೋ!" ನೋಡಿದ್ರೆ ಹೌದು. ಒಂದೇ ಗಂಟಿಂದ ಸುತ್ತಲೂ ಐದು ಪುಟ್ಟ ಕೊಂಬೆ, ನಡುವೆ ನೆಟ್ಟಗಿನ ಹಿಡಿ, ಕೊಂಬೆಗಳನ್ನ ಎರಡು ಬೆರಳಗಲ ಬಿಟ್ಟು ಕತ್ತರಿಸಿದ್ರೆ ಥೇಟ್ ಕಡಗೋಲು. ಆಮೇಲೆ ತಿಳಿದದ್ದು, ಜರ್ಮನಿಯಲ್ಲಿ ಜನ ಹಿಂದಿನಿಂದ ಕ್ರಿಸ್‌ಮಸ್ ಮರದ ತುದಿಯಿಂದ ಇದನ್ನೇ ಮಾಡ್ತಾ ಬಂದಿದ್ದಾರೆ, ಕ್ವಿರ್ಲ್ ಅಂತಾರೆ, ಎರಡು ಅಂಗೈ ಮಧ್ಯೆ ಹೊಸೆದು ತಿರುಗಿಸೋದು. ಫೋಟೋ ಕಳಿಸಿದ್ರೆ ಅಮ್ಮನಿಗೆ ಏನೂ ಆಶ್ಚರ್ಯ ಇಲ್ಲ, ಮತ್ತೇನು, ಕೈ ಎಲ್ರಿಗೂ ಎರಡೇ ತಾನೇ ಅಂದ್ರು.

ಮಾಡೋದು ಕಷ್ಟ ಏನಿಲ್ಲ, ತಾಳ್ಮೆ ಬೇಕು. ಬಿಸಿನೀರಲ್ಲಿ ಒಂದಷ್ಟು ಹೊತ್ತು ನೆನೆಸಿ ಚಾಕುವಿನಿಂದ ತೊಗಟೆ ಹೆರೆದೆ, ಗಂಟಿನ ಸಂದಿಯಲ್ಲಿ ಮಾತ್ರ ಬಹಳ ಸತಾಯಿಸ್ತು, ಒಂದು ಕಡ್ಡಿ ಮುರಿದು ಈಗ ನಾಲ್ಕೇ ಇವೆ. ಎರಡು ವಾರ ನೆರಳಲ್ಲಿ ಒಣಗಿಸಿ ಸ್ಯಾಂಡ್ ಪೇಪರ್ ಹಾಕಿದೆ. ಮರಕ್ಕೆ ಬಣ್ಣವೋ ಕೃತಕ ಹಿಮವೋ ಹೊಡೆದಿದ್ರೆ ಇದನ್ನ ಮಾಡಬೇಡಿ. ನಮ್ಮದಕ್ಕೂ ತೋಟದಲ್ಲಿ ಏನು ಬಿದ್ದಿತ್ತೋ ಅಂತ ಅಡುಗೆಮನೆಗೆ ಬಿಟ್ಟಿಲ್ಲ, ಸದ್ಯಕ್ಕೆ ಮಗಳು ಸೋಪಿನ ನೀರು ಕಡೆದು ನೊರೆ ಎಬ್ಬಿಸ್ತಾ ಇರ್ತಾಳೆ.

ಬುಡದ ಒಂದೂವರೆ ಅಡಿ ತುಂಡು ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ, ಹಿತ್ತಲ ಮೂಲೇಲಿ ಕೊಳೆಯೋಕೆ ಬಿಟ್ಟಿದೀನಿ. ಹುಳಹುಪ್ಪಟೆ ಸೇರ್ಕೊಳ್ಳುತ್ತೆ, ಅವಕ್ಕೂ ಜಾಗ ಬೇಕಲ್ಲ ಅಂತ ಹಿರಿಯರು ಹೇಳಿದ್ರು. ಸ್ಟ್ಯಾಂಡಿನ ಸ್ಕ್ರೂಗೆ ಎಣ್ಣೆ ಬಿಟ್ಟು ಸಡಿಲ ಮಾಡಿ ಒಳಗಿಟ್ಟೆ.

ದೀಪದ ಸರದ ಡಬ್ಬದೊಳಗೆ, ಮುಂದಿನ ಸಲ ತೆಗೆದ ತಕ್ಷಣ ಕಣ್ಣಿಗೆ ಬೀಳೋ ಹಾಗೆ, ಒಂದು ಚೀಟಿ ಬರೆದು ಹಾಕಿದೀನಿ. ಮರದ ರಸೀದಿ ಇಲ್ಲೇ ಇಡು. ಗಾಡಿ ಬರೋ ದಿನ ಬರ್ಕೋ. ಆಯಸ್ಕಾಂತ ಸವರು. ಸ್ಟ್ಯಾಂಡ್ ನೀರು ತೆಗಿ. ಬುಡ ಮುಂದೆ ಎಳಿ. ಡಬ್ಬ ಮುಚ್ಚೋಕೆ ಹೋದಾಗ ನೋಡಿದೆ, ಅದರ ಕೆಳಗೆ ಮಗಳು ಹಸಿರು ಸ್ಕೆಚ್ ಪೆನ್ನಲ್ಲಿ ಇನ್ನೊಂದು ಸಾಲು ಸೇರಿಸಿದ್ಲು: ತುದಿ ನಂದು, ಕಡ್ಡಿ ಮುರೀಬೇಡ.